ಜೋಡಿ ಬಾಟಲಿಯವಳು

ಲ್ಯಾಬಿನವಳು ಮೊದಲ ಸಲ ಹಿತ್ತಲಿಗೆ ಕಾಲಿಟ್ಟ ದಿನ ಬಾವಿಮನೆಯಮ್ಮ ಕಂಬಳಿ ತುಳಿಯುತ್ತಿದ್ದಳು. ಉಟ್ಟ ಬಟ್ಟೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿ, ಗೋಡೆಗೆ ಒಂದು ಕೈ ಕೊಟ್ಟು, ಸೋಪಿನ ನೊರೆಯೊಳಗೆ ನಿಂತಿದ್ದವಳು ತಲೆಯೆತ್ತಿ ನೋಡಿದರೆ, ಎದುರಿಗೆ ನಲವತ್ತರ ಆಸುಪಾಸಿನ ಸಣಕಲು ಹೆಂಗಸು. ಕಾಲಿಗೆ ಗಂಬೂಟು, ಕೈಗೆ ತೆಳು ಗ್ಲೌಸು. ಅವಳ ಹಿಂದೆ ನೀಲಿ ಐಸ್ ಪೆಟ್ಟಿಗೆ ಹೊತ್ತ ಡ್ರೈವರು.

"ಅಮ್ಮ, ಗಣಿ ಲ್ಯಾಬಿಂದ ಬಂದಿದ್ದೀವಿ. ನಿಮ್ಮ ಬಾವಿ ನೀರು ಸ್ವಲ್ಪ ಬೇಕಿತ್ತು."

"ಬಾಯಾರಿದ್ರೆ ಒಳಗೆ ಲೋಟ ಇದೆ."

"ಕುಡಿಯೋಕಲ್ಲ, ಪರೀಕ್ಷೆಗೆ."

"ಹಾಗಾದ್ರೆ ಸೇದಿಕೋ. ನನ್ನ ಬಾವಿ ಯಾವ ಪರೀಕ್ಷೆಗೂ ಹೆದರಲ್ಲ."

ಲ್ಯಾಬಿನವಳು ರಾಟೆಯ ಹಗ್ಗಕ್ಕೆ ತನ್ನದೇ ಒಂದು ಸ್ಟೀಲ್ ಡಬ್ಬಿ ಕಟ್ಟಿ ಇಳಿಸಿದಳು. ಮೇಲೆ ಬಂದ ನೀರನ್ನು ನೆಲಕ್ಕೆ ಚೆಲ್ಲಿದಳು. ಮತ್ತೆ ಸೇದಿದಳು, ಮತ್ತೆ ಚೆಲ್ಲಿದಳು. ಬಾವಿಮನೆಯಮ್ಮನಿಗೆ ತಡೆಯಲಾಗಲಿಲ್ಲ.

"ಅಲ್ಲ ತಾಯಿ, ನೀರಿಗೆ ಬಂದ್ಯೋ, ಹಿತ್ತಲು ತೊಳಿಯೋಕೆ ಬಂದ್ಯೋ?"

"ಡಬ್ಬಿಗೆ ಬೇರೆ ಕಡೆಯ ನೀರು ಅಂಟಿರುತ್ತೆ ಅಮ್ಮ. ಮೊದಲು ನಿಮ್ಮ ನೀರಲ್ಲೇ ಅದನ್ನ ತೊಳೀಬೇಕು."

ಆಮೇಲೆ ಹಳೆಯ ಗ್ಲೌಸು ಕಿತ್ತು ಹೊಸದು ಹಾಕಿಕೊಂಡಳು. ಬಿಸಿಲು ಬೀಳದಂತೆ ಮೈ ಅಡ್ಡ ಕೊಟ್ಟು ಒಂದು ಕಂದು ಬಾಟಲಿ ತುಂಬಿದಳು. ಅದೇ ನೀರಿನಿಂದ ಇನ್ನೊಂದನ್ನೂ ತುಂಬಿದಳು. ಎರಡಕ್ಕೂ ಕಾಸ್ಟಿಕ್ ಸೋಡಾದ ಬಿಳಿ ಹರಳು ಹಾಕಿ, ಒಂದು ಹನಿಯನ್ನು ಕಾಗದದ ಪಟ್ಟಿಗೆ ಮುಟ್ಟಿಸಿದಾಗ ಪಟ್ಟಿ ಕಡುನೀಲಿಗೆ ತಿರುಗಿತು. ಹಾಗೆ ಮಾಡದಿದ್ದರೆ ನೀರಲ್ಲಿರುವುದು ಲ್ಯಾಬು ಮುಟ್ಟುವಷ್ಟರಲ್ಲಿ ಗಾಳಿಗೆ ಹಾರಿಹೋಗುತ್ತದಂತೆ. ಬಿಸಿಲು ಬಿದ್ದರೂ ಕರಗಿಹೋಗುತ್ತದಂತೆ. ಎರಡು ಬಾಟಲಿಗೆ ಎರಡು ಬೇರೆ ಚೀಟಿ ಅಂಟಿಸಿದಳು.

"ಒಂದೇ ಬಾವಿ, ಎರಡು ಹೆಸರು ಯಾಕೆ?"

"ಒಂದೇ ನೀರು ಅಂತ ಲ್ಯಾಬಿನವರಿಗೆ ಗೊತ್ತಾಗಬಾರದು. ಎರಡಕ್ಕೂ ಒಂದೇ ಉತ್ತರ ಬಂದ್ರೆ ಕೈ ಸರಿಯಿದೆ ಅಂತ ಅರ್ಥ."

ಅಷ್ಟಕ್ಕೆ ಮುಗಿಯಲಿಲ್ಲ. ಪೆಟ್ಟಿಗೆಯಿಂದ ಮೂರನೆಯ ಬಾಟಲಿ ತೆಗೆದಳು. ಅದರಲ್ಲಿ ಆಗಲೇ ನೀರಿತ್ತು. ಅದನ್ನು ಬಾವಿಕಟ್ಟೆಯ ಮೇಲಿಟ್ಟು, ಮುಚ್ಚಳ ತೆರೆದು, ಖಾಲಿಯಿದ್ದ ಇನ್ನೊಂದು ಬಾಟಲಿಗೆ ಸುರಿದು, ಅದಕ್ಕೂ ಸೋಡಾ ಹಾಕಿ ಮುಚ್ಚಿದಳು.

"ಇದ್ಯಾವ ನೀರು?"

"ಬರೀ ನೀರು. ಇದರಲ್ಲಿ ಏನೂ ಇಲ್ಲ. ನಾವು ಬ್ಲ್ಯಾಂಕ್ ಅಂತೀವಿ."

"ಏನೂ ಇಲ್ಲದ ನೀರಿಗೆ ಊರೆಲ್ಲ ಮೆರವಣಿಗೆ ಮಾಡಿಸಿ ಮನೆಗೆ ಕರ್ಕೊಂಡು ಹೋಗ್ತೀಯಾ?"

ಡ್ರೈವರು ಪೆಟ್ಟಿಗೆಗೆ ಮುಖ ಮಾಡಿಕೊಂಡು ನಕ್ಕ. ಲ್ಯಾಬಿನವಳು ನಗಲಿಲ್ಲ. ಕಟ್ಟೆಯ ಅಂಚಿನಲ್ಲಿ ಕೂತು ಹೇಳಿದಳು: "ನಮ್ಮಪ್ಪ ಲಾರಿ ತೂಗೋ ಕಡೆ ಕೆಲಸಕ್ಕಿದ್ರು ಅಮ್ಮ. ಮೊದಲು ಖಾಲಿ ಲಾರಿ ತೂಗೋರು. ಖಾಲೀದು ಎಷ್ಟು ಅಂತ ಗೊತ್ತಿಲ್ದೆ ತುಂಬಿದ್ದನ್ನ ತೂಗಿ ಏನುಪಯೋಗ? ಇದೂ ಹಾಗೆ. ನಾವು ಹೋದಲ್ಲೆಲ್ಲ ಇದೂ ಬರುತ್ತೆ, ನಮ್ಮ ಗಾಳಿ, ನಮ್ಮ ಕೈ, ನಮ್ಮ ಗಾಡಿ ಎಲ್ಲಾ ಇದಕ್ಕೂ ತಾಕುತ್ತೆ. ಇದರಲ್ಲಿ ವಿಷ ಕಾಣಿಸ್ಕೊಂಡ್ರೆ ಅದು ನಿಮ್ಮ ಬಾವೀದಲ್ಲ, ನಮ್ಮದೇ ಹೊಲಸು."

"ವಿಷ ಅಂದ್ಯಾ?"

"ಸಯನೈಡು. ಕಲ್ಲಿಂದ ಚಿನ್ನ ಬಿಡಿಸೋಕೆ ಬಳಸ್ತಾರೆ. ಬಳಸಿದ ನೀರು ಬೂದು ಕೆರೆಗೆ ಹೋಗುತ್ತೆ. ಅಲ್ಲಿಂದ ಆಚೆ ಹೋಗಬಾರದು. ಹೋಗ್ತಿದೆಯಾ ಅಂತ ನೋಡೋದು ನನ್ನ ಕೆಲಸ."

ಬೂದು ಕೆರೆ ಬಾವಿಮನೆಯಮ್ಮನಿಗೆ ಹೊಸದಲ್ಲ. ಅವಳ ಬೀದಿ ಇರುವುದೇ ಅದರ ಏರಿಯ ಕೆಳಗಿನ ಇಳಿಜಾರಿನಲ್ಲಿ. ಮಗ ಅದೇ ಗಣಿಯ ಕಲ್ಲು ಪುಡಿ ಮಾಡುವ ಯಂತ್ರದ ಹತ್ತಿರ ದುಡಿಯುತ್ತಿದ್ದ. ಬೀದಿಯ ಅರ್ಧ ಮನೆಗಳು ನೀರು ಸೇದುತ್ತಿದ್ದುದು ಅವಳ ಬಾವಿಯಿಂದ. ನಲ್ಲಿ ಇದ್ದದ್ದು ಬೀದಿಯ ಮೇಲಿನ ತುದಿಯಲ್ಲಿ, ಅದೂ ಬಂದರೆ ಬಂತು. ಗಂಡ ಬದುಕಿದ್ದಾಗ ಅಗೆದ ಬಾವಿ ಅದು. ಗಂಡ ಹೋದ ಮೇಲೆ ಜನ ಅವಳನ್ನು ಹೆಸರು ಹಿಡಿದು ಕರೆಯುವುದು ಬಿಟ್ಟು ಬಾವಿಮನೆಯಮ್ಮ ಎಂದೇ ಕರೆದರು. ಅವಳಿಗೂ ಅದೇ ಹಿತವಾಗಿತ್ತು.

ಅಂದಿನಿಂದ ತಿಂಗಳಿಗೊಮ್ಮೆ ಲ್ಯಾಬಿನವಳು ಬರುತ್ತಿದ್ದಳು. ಬೀದಿಯ ಹೆಂಗಸರ ಬಾಯಲ್ಲಿ ಅವಳ ಹೆಸರು ಜೋಡಿ ಬಾಟಲಿ. ಇಟ್ಟದ್ದು ಡ್ರೈವರು, ಹಬ್ಬಿಸಿದ್ದು ಇವರು.

ಕೂತಲ್ಲಿ ಕೂರದ ಜೀವ ಅದು. ಸೊಸೆ ಚಹಾ ತಂದುಕೊಟ್ಟರೆ ಎರಡು ಗುಟುಕು ಕುಡಿದು ಎದ್ದು ಹೋಗಿ ಐಸ್ ಕರಗಿತೇ ಎಂದು ಪೆಟ್ಟಿಗೆ ಮುಟ್ಟಿ ಬರುವಳು. ಮತ್ತೆ ಕೂತು, ಮತ್ತೆ ಎದ್ದು, ಚೀಟಿ ಸರಿಯಾಗಿ ಅಂಟಿದೆಯೇ ಎಂದು ಉಗುರಿನಿಂದ ಒತ್ತಿ ಬರುವಳು. ಅಷ್ಟರಲ್ಲಿ ಚಹಾ ಆರಿ ಕೆನೆಗಟ್ಟಿರುತ್ತಿತ್ತು.

"ಇವಳ ಕಾಲಿಗೆ ಚಕ್ರ ಕಟ್ಟಿದ್ದಾರೇನೋ," ಎಂದಳು ಬಾವಿಮನೆಯಮ್ಮ ಒಮ್ಮೆ.

ಡ್ರೈವರು ಕಟ್ಟೆಗೆ ಒರಗಿ ನಿಂತಿದ್ದ. "ದೊಡ್ಡಮ್ಮ, ನಿಮಗೆ ತಿಂಗಳಿಗೊಂದ್ಸಲ. ನಮಗೆ ದಿನಾ. ಮೇಡಂ ತಾವೇ ಅಳೆದು ಬರೀ ನೀರಿಗೆ ವಿಷ ಬೆರೆಸಿ, ಯಾವುದೋ ಬಾವಿ ಚೀಟಿ ಅಂಟಿಸಿ ಲ್ಯಾಬಿಗೆ ಕೊಡ್ತಾರೆ. ಉತ್ತರ ತಪ್ಪಿತೋ, ಆ ದಿನದ ಕೆಲಸ ಎಲ್ಲಾ ಮೊದಲಿಂದ. ಲ್ಯಾಬಿನ ಹುಡುಗರು ಇವರನ್ನ ಕಂಡ್ರೆ ಅತ್ತೆ ಕಂಡ ಸೊಸೆ ಥರ ಆಗ್ತಾರೆ."

"ನನ್ನ ಸೊಸೆ ಎದುರಿಗೇ ಹೇಳ್ತೀಯಲ್ಲೋ."

"ನಿಮ್ಮಿಬ್ಬರ ಮಾತಲ್ಲ ಬಿಡಿ. ಇವರಿಗೆ ಮದುವೆ ಯಾಕಾಗಿಲ್ಲ ಗೊತ್ತಾ? ಒಂದೇ ಪ್ರಶ್ನೆಗೆ ಒಂದೇ ಉತ್ತರ ಕೊಡೋ ಎರಡು ಗಂಡು ಬೇಕಂತೆ."

ಲ್ಯಾಬಿನವಳು ಗ್ಲೌಸು ಕಿತ್ತು ಹಾಕುತ್ತ, "ಮೂರು," ಎಂದಳು. "ಒಂದು ಬ್ಲ್ಯಾಂಕೂ ಬೇಕು. ಅದಕ್ಕೆ ನೀನಿದ್ದೀಯಲ್ಲ."

ಸೊಸೆ ಬಾಯಿಗೆ ಕೈ ಅಡ್ಡ ಹಿಡಿದು ಒಳಗೆ ಓಡಿದಳು.

ಗಣಿಯ ಕ್ವಾರ್ಟರ್ಸಿನಲ್ಲಿ ಲ್ಯಾಬಿನವಳು ಒಬ್ಬಳೇ ಇರುತ್ತಿದ್ದಳು. ಬೇರೆ ಊರಿನಲ್ಲಿ ತಂಗಿಯೊಬ್ಬಳಿದ್ದಳು. ಫೋನು ಮಾಡಿದಾಗಲೆಲ್ಲ "ಅಕ್ಕ, ಗ್ಯಾಸ್ ಆಫ್ ಮಾಡಿದೀಯಾ ಅಂತ ನನ್ನ ಕೇಳಬೇಡ, ನಾನು ಬೇರೆ ಮನೇಲಿದ್ದೀನಿ" ಎಂದು ಮೊದಲೇ ಹೇಳಿಬಿಡುತ್ತಿದ್ದಳಂತೆ. ಲ್ಯಾಬಿನವಳೇ ಹೇಳಿಕೊಂಡ ಮಾತಿದು. ಲ್ಯಾಬಿನಲ್ಲಿ ಅವಳು ತಂದ ಕಟ್ಟುನಿಟ್ಟಿನ ನಿಯಮ ಒಂದಿತ್ತು. ಬ್ಲ್ಯಾಂಕ್ ಕೆಟ್ಟರೆ ಆ ಸುತ್ತಿನ ಲೆಕ್ಕವೆಲ್ಲ ರದ್ದು. ಅದಕ್ಕೆ ಮೊದಲು, ಬ್ಲ್ಯಾಂಕ್ ಕೆಟ್ಟರೆ ಅದನ್ನು ಮಾತ್ರ ಪಕ್ಕಕ್ಕಿಟ್ಟು ಉಳಿದದ್ದನ್ನು ದಾಟಿಸುತ್ತಿದ್ದರಂತೆ. ಗಣಿಯ ದೊಡ್ಡ ಸಾಹೇಬರ ಹತ್ತಿರ ಜಗಳ ಕಾದು ಅವಳು ಅದನ್ನು ನಿಲ್ಲಿಸಿದ್ದಳು.

ಮಳೆ ನಿಂತು ನೆಲ ಇನ್ನೂ ಹಸಿಯಾಗಿದ್ದ ಕಾಲದಲ್ಲಿ, ಒಂದು ಮಧ್ಯಾಹ್ನ ಅವಳು ಪೆಟ್ಟಿಗೆಯಿಲ್ಲದೆ, ಡ್ರೈವರಿಲ್ಲದೆ, ನಡೆದುಕೊಂಡು ಬಂದಳು. ಆ ತಿಂಗಳ ನೀರು ಒಯ್ದು ಒಂದು ವಾರವೂ ಆಗಿರಲಿಲ್ಲ. ಮೊಮ್ಮಗಳು ಬಾಗಿಲ ಬಳಿ ಲೋಟ ಹಿಡಿದು ನಿಂತಿದ್ದಳು. ಲ್ಯಾಬಿನವಳು ಮಗುವಿನ ಕೈಯಿಂದ ಲೋಟ ತೆಗೆದುಕೊಂಡು ಕಿಟಕಿಯ ಮೇಲಿಟ್ಟಳು.

"ಅಮ್ಮ, ಬಾವಿ ನೀರು ಸದ್ಯಕ್ಕೆ ಕುಡೀಬೇಡಿ. ಅಡುಗೆಗೂ ಬೇಡ."

"ಯಾಕೆ?"

"ಎರಡು ಬಾಟಲೀಲೂ ಬಂದಿದೆ. ಇರಬೇಕಾದ್ದಕ್ಕಿಂತ ಹೆಚ್ಚು."

ಒಳಗೆ ಮಲಗಿದ್ದ ಮಗ ಮಾತು ಕೇಳಿ ಎದ್ದು ಬಂದ. "ಕಂಪನಿಯವರು ಬರೆದು ಕೊಡ್ತಾರಾ, ಕುಡೀಬೇಡಿ ಅಂತ?"

"ಇಲ್ಲ. ಆ ಲೆಕ್ಕ ರದ್ದಾಗಿದೆ."

"ರದ್ದು ಮಾಡಿದ್ದು ಯಾರು?"

"ನಾನೇ."

ಮಗ ತಾಯಿಯ ಮುಖ ನೋಡಿದ. ಲ್ಯಾಬಿನವಳು ನಿಂತಲ್ಲೇ ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುತ್ತ ಹೇಳಿದಳು: "ಬ್ಲ್ಯಾಂಕಲ್ಲೂ ಬಂದಿದೆ. ಬರೀ ನೀರಲ್ಲಿ ವಿಷ ಬಂತು ಅಂದ್ರೆ ನಮ್ಮದೇ ಹೊಲಸು ಎಲ್ಲೋ ಸೇರಿದೆ. ಅಂಥಾ ದಿನದ ಲೆಕ್ಕ ಇಟ್ಕೋಬಾರದು ಅಂತ ನಾನೇ ಹಟ ಹಿಡಿದು ಮಾಡಿಸಿದ್ದು. ಈಗ ದೊಡ್ಡ ಸಾಹೇಬರು ಅದನ್ನೇ ಹಿಡಿದಿದ್ದಾರೆ. ನಿಮ್ಮದೇ ನಿಯಮ ಮೇಡಂ, ಮುಂದಿನ ಸುತ್ತಲ್ಲಿ ನೋಡೋಣ ಅಂತಾರೆ. ಆದರೆ ಬ್ಲ್ಯಾಂಕಲ್ಲಿ ಬಂದಿರೋದು ಚೂರು. ಬಾವೀದು ಅದಕ್ಕಿಂತ ಎಷ್ಟೋ ಹೆಚ್ಚು."

ಬಾವಿಮನೆಯಮ್ಮನಿಗೆ ಆಗ ಒಂದು ಎಳೆ ಸಿಕ್ಕಿತು. ಅವಳು ಅದನ್ನೇ ಬಿಗಿಯಾಗಿ ಹಿಡಿದಳು. "ಬರೀ ನೀರೇ ಕೆಟ್ಟಿತ್ತು ಅಂದ್ಮೇಲೆ ನನ್ನ ಬಾವಿ ಮೇಲೆ ಯಾಕೆ ಹಾಕ್ತೀಯಾ? ಖಾಲಿ ಲಾರಿ ತೂಕವೇ ತಪ್ಪಿದ್ರೆ ತುಂಬಿದ್ದರ ಮಾತೇನು? ನೀನೇ ಹೇಳಿದ ಮಾತು."

"ಹೌದಮ್ಮ."

"ಮತ್ತೆ?"

"ಮತ್ತೆ, ಕುಡೀಬೇಡಿ."

"ಲೆಕ್ಕ ಸುಳ್ಳು ಅಂತೀಯ, ಕುಡೀಬೇಡ ಅಂತೀಯ. ಹಾವೂ ಸಾಯಬಾರದು, ಕೋಲೂ ಮುರೀಬಾರದು ಅಂದ್ರೆ ಹೇಗೆ?"

ಲ್ಯಾಬಿನವಳು ಬೀದಿಯ ಕಡೆ ನೋಡಿ ಬಾಗಿಲು ಮುಂದೆ ಮಾಡಿದಳು. "ಇದನ್ನ ನಾನು ನಿಮಗೆ ಹೇಳಲೂಬಾರದು," ಎಂದಳು. "ಖಾತ್ರಿಯಾಗದ್ದನ್ನ ಹೊರಗೆ ಹೇಳಿದ್ರೆ ಕೆಲಸ ಹೋಗುತ್ತೆ. ಬೀದೀಲಿ ಹೇಳಬೇಡಿ. ಯಾರೂ ಕುಡಿಯೋಕೂ ಬಿಡಬೇಡಿ."

ಆಮೇಲೆ ಕೇಳಿದಳು: "ನೀರು ಒಯ್ದ ದಿನ ಬ್ಲ್ಯಾಂಕ್ ಕೆಲಸ ಡ್ರೈವರಿಗೆ ಬಿಟ್ಟಿದ್ದೆ. ಅವನು ಅದನ್ನ ಇಲ್ಲೇ ಕಟ್ಟೆ ಮೇಲೆ ತೆರೆದಿದ್ದು ನೋಡಿದ್ರಾ? ನಾನು ಹಗ್ಗ ಎಳೀತಿದ್ದೆ. ಆಯ್ತಾ ಅಂದೆ, ಆಯ್ತು ಅಂದ."

"ನಾನೂ ನಿನ್ನ ಹಗ್ಗವನ್ನೇ ನೋಡ್ತಿದ್ದೆ," ಎಂದಳು ಬಾವಿಮನೆಯಮ್ಮ. "ನೋಡದ್ದನ್ನ ನೋಡಿದೆ ಅಂತ ಹೇಳಲಾರೆ."

ಅವಳು ಹೋದ ಮೇಲೆ ಮಗ, "ಸುಮ್ನಿರು ಅಮ್ಮ. ಇವಳ ಮಾತು ಕಟ್ಕೊಂಡು ನಾವು ಬಾಯಿ ಬಿಟ್ರೆ ಮೊದಲು ನನ್ನ ಹೊಟ್ಟೆಗೆ ಹೊಡೆತ," ಎಂದ. ಸೊಸೆ ಒಳಗಿದ್ದ ನೀರನ್ನೆಲ್ಲ ಚರಂಡಿಗೆ ಸುರಿದಳು. ಬಾವಿಮನೆಯಮ್ಮ ಹಿತ್ತಲಿಗೆ ಹೋಗಿ ರಾಟೆಯಿಂದ ಹಗ್ಗ ಬಿಚ್ಚಿ, ಸುರುಳಿ ಸುತ್ತಿ, ತನ್ನ ಮಂಚದ ಕೆಳಗೆ ತಳ್ಳಿದಳು.

ಬೆಳಿಗ್ಗೆ ಬಂದ ಹೆಂಗಸರಿಗೆ ಹೇಳಿದಳು: "ಹಗ್ಗ ಸವೆದಿದೆ. ಹೊಸದು ತರಿಸ್ಬೇಕು."

ಮೂಲೆಮನೆಯವಳು ರಾಟೆಯನ್ನು ನೋಡಿದಳು, ಅವಳನ್ನು ನೋಡಿದಳು. ಸಂಜೆ ತನ್ನ ಮನೆಯ ಹಗ್ಗವನ್ನೇ ತಂದಳು. ಬಾವಿಮನೆಯಮ್ಮ ಅಡ್ಡ ನಿಂತಳು. "ರಾಟೆಯೂ ಅಲುಗಾಡ್ತಿದೆ. ಯಾರ ತಲೆ ಮೇಲಾದ್ರೂ ಬಿದ್ರೆ?"

"ಬೆಳಿಗ್ಗೆ ಹಗ್ಗ, ಈಗ ರಾಟೆ. ನಾಳೆ ಬಾವಿಯೇ ಸವೆದಿದೆ ಅಂತೀರಾ?" ಎಂದು ಮೂಲೆಮನೆಯವಳು ಕೊಡವನ್ನು ಸೊಂಟಕ್ಕೇರಿಸಿಕೊಂಡು ಹೋದಳು. ಬೀದಿಯಲ್ಲಿ ಮಾತು ಎದ್ದಿತು. ವಯಸ್ಸಾದಂತೆ ಕೈ ಬಿಗಿಯಾಯಿತು, ದೇವರು ಕೊಟ್ಟ ನೀರಿಗೂ ಬೀಗ ಹಾಕಿದಳು ಎಂದರು. ಎಷ್ಟೋ ವರ್ಷ ಹಿತ್ತಲಲ್ಲಿ ನಿಂತು ಹರಟಿದವರೇ ಈಗ ಎದುರು ಸಿಕ್ಕರೆ ಚಪ್ಪಲಿ ನೋಡಿಕೊಂಡು ದಾಟುತ್ತಿದ್ದರು. ಅವಳು ಬೀದಿಯ ತುದಿಯ ನಲ್ಲಿಗೆ ಹೋಗಿ ಎಲ್ಲರ ಹಿಂದೆ ಸರತಿಯಲ್ಲಿ ನಿಂತಳು. "ಬಾವಿ ಇಟ್ಕೊಂಡು ಇಲ್ಲಿಗೂ ಬಂದ್ರಲ್ಲ," ಎಂದರು. ಅವಳು ತನ್ನ ಕೊಡವನ್ನು ಒಂದು ಹೆಜ್ಜೆ ಮುಂದಕ್ಕೆ ಸರಿಸಿದಳು.

ಮನೆಗೆ ಬಂದರೆ ಕೆಲಸಕ್ಕೆ ಕೈ ಓಡುತ್ತಿರಲಿಲ್ಲ. ಬಾವಿಕಟ್ಟೆಗೆ ಹೋಗಿ ಬಗ್ಗಿ ನೋಡುವಳು. ನೀರು ಎಂದಿನ ಹಾಗೇ ಇತ್ತು. ಮೂಸಿ ನೋಡಿದರೆ ಕಲ್ಲು, ಪಾಚಿಯ ವಾಸನೆ. ಆ ಬರೀ ನೀರಿನ ಬಾಟಲಿಯ ಹೊಲಸೇ ನನ್ನ ನೀರಿಗೂ ಅಂಟಿರಬೇಕು ಎಂದುಕೊಂಡರೆ ಎದೆ ಹಗುರ. ಲ್ಯಾಬಿನವಳು ಮಗುವಿನ ಕೈಯಿಂದ ಲೋಟ ತೆಗೆದ ರೀತಿ ನೆನಪಾದರೆ ಮತ್ತೆ ಭಾರ. ಹಗ್ಗ ತೆಗೆದು ಕಟ್ಟಿಬಿಡಲೇ ಎಂದು ಮಂಚದ ಕಡೆ ಹೋದವಳು ಹಾಗೇ ಹಿಂತಿರುಗುವಳು. ಸೊಸೆ, "ಅತ್ತೆ, ನಿಮಗೂ ಆ ಮೇಡಂ ಗಾಳಿ ಬಡೀತಾ? ಒಂದು ಕಡೆ ಕೂತ್ಕೊಳ್ಳಿ," ಎಂದಳು.

ರಜೆಯ ದಿನ ಡ್ರೈವರು ತನ್ನ ಸ್ವಂತ ಬೈಕಿನಲ್ಲಿ ಬಂದ. ಹಿಂದೆ ಲ್ಯಾಬಿನವಳು, ತೊಡೆಯ ಮೇಲೆ ಐಸ್ ಪೆಟ್ಟಿಗೆ. ಡ್ರೈವರು ಹಿತ್ತಲಿಗೆ ಬಂದವನೇ ತಲೆ ಕೆರೆದುಕೊಂಡ.

"ದೊಡ್ಡಮ್ಮ, ತಪ್ಪು ನಂದು. ಆ ದಿನ ಮೊದಲು ಬೂದು ಕೆರೆಗೆ ಹೋಗಿದ್ವಿ. ಮೇಡಂ ಆಚೆ ದಡದಲ್ಲಿದ್ರು. ನಾನು ಪೈಪು ಕೆಸರು ಉಗುಳೋ ಕಡೆ ಸುಮ್ನೆ ನಿಂತಿದ್ದೆ. ಹೇಗೂ ಬರೀ ನೀರು, ಎಲ್ಲಿ ಸುರಿದ್ರೇನು, ಒಂದು ಕೆಲಸ ಮುಗಿಯುತ್ತೆ ಅಂತ ಅಲ್ಲೇ ತೆರೆದು ಸುರಿದುಬಿಟ್ಟೆ. ಮುಚ್ಚೋದು ತಡವಾಯ್ತು."

"ಅಲ್ಲಿ ಗಾಳೀಲೇ ವಿಷ ಇರುತ್ತೆ," ಎಂದಳು ಲ್ಯಾಬಿನವಳು. "ಸೋಡಾ ಹಾಕಿದ ನೀರು ಅದನ್ನ ಹೀರ್ಕೊಳ್ಳುತ್ತೆ. ಇವನನ್ನ ಮೊದಲು ಕೇಳಿದಾಗ ಬಾವಿ ಹತ್ರ ತೆರೆದೆ ಅಂದ. ಮತ್ತೆ ಕೇಳಿದೆ, ಕಟ್ಟೆ ಮೇಲೆ ಅಂದ. ಇನ್ನೊಂದು ದಿನ ಕೇಳಿದ್ರೆ ಗಾಡೀಲಿ ಅಂದ."

"ಎಷ್ಟು ಸಲ ಕೇಳ್ತಾರೆ ದೊಡ್ಡಮ್ಮ. ಸುಳ್ಳು ನೆನಪಿಟ್ಕೊಳ್ಳೋಕೆ ನನಗೆ ಸಂಬಳ ಕೊಡ್ತಾರಾ?"

ಬಾವಿಮನೆಯಮ್ಮ ಮಂಚದ ಕೆಳಗಿನಿಂದ ಹಗ್ಗ ತಂದುಕೊಟ್ಟಳು. ಡಬ್ಬಿ ಇಳಿಯಿತು, ಏರಿತು. ಈ ಸಲ ಅವಳು ಚೆಲ್ಲುವುದಕ್ಕೆ ಬೈಯಲಿಲ್ಲ. ಕಂದು ಬಾಟಲಿಗಳು ತುಂಬಿದವು. ಬ್ಲ್ಯಾಂಕನ್ನು ಕಟ್ಟೆಯ ಮೇಲೆ ಎಲ್ಲರ ಎದುರಿಗೆ ತೆರೆದು, ಸುರಿದು, ಮುಚ್ಚಿದರು. ಬಾಟಲಿಯ ಬಾಯಿಗೆ ಅಡ್ಡ ಅಂಟಿಸಿದ ಪಟ್ಟಿಯ ಮೇಲೆ ಲ್ಯಾಬಿನವಳು ಸಹಿ ಹಾಕಿದಳು, ಡ್ರೈವರು ಹಾಕಿದ.

"ನಾನೂ ಹಾಕ್ತೀನಿ, ಕೊಡು," ಎಂದಳು ಬಾವಿಮನೆಯಮ್ಮ. "ಸೊಟ್ಟ ಬಂದ್ರೂ ನನ್ನ ಸಹಿ ಬರೀತೀನಿ."

"ಬೇಡ ಅಮ್ಮ."

"ಬಾವಿ ನಂದು."

"ಅದಕ್ಕೇ ಬೇಡ. ನಾಳೆ ಸಾಹೇಬರು, ಬಾವಿಯವರದೇ ಕೈವಾಡ ಅಂತಾರೆ. ನೀರು ಕುಡಿಯೋರ ಸಾಕ್ಷಿ ನಡೆಯಲ್ಲ."

ಆ ಮಾತು ಬಾವಿಮನೆಯಮ್ಮನಿಗೆ ಚುಚ್ಚಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುವ ಮಾತು ಈ ಲ್ಯಾಬಿನವಳ ಮುಂದೆ ನಡೆಯುವುದಿಲ್ಲ. ಕನ್ನಡಿಯೂ ಬೇಕು, ಆ ಕನ್ನಡಿಗೆ ಇನ್ನೊಂದು ಕನ್ನಡಿಯೂ ಬೇಕು. ಆದರೂ ಬಾವಿಮನೆಯಮ್ಮ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಲ್ಯಾಬಿನವಳು ಒಂದು ಜೊತೆ ಬಾಟಲಿಯನ್ನು ತಮ್ಮ ಲ್ಯಾಬಿಗೆ, ಅದೇ ನೀರಿನ ಇನ್ನೊಂದನ್ನು ಬಸ್ಸಿನಲ್ಲಿ ಬೇರೆ ಊರಿನ ಲ್ಯಾಬಿಗೆ ಕಳಿಸಿದಳು. ಸಾಹೇಬರಿಗೆ ಹೇಳಿದ್ದು ಕಳಿಸಿದ ಮೇಲೆ.

ಉತ್ತರ ಬರುವವರೆಗಿನ ದಿನಗಳಲ್ಲಿ ಬಾವಿಮನೆಯಮ್ಮ ದೇವರಿಗೆ ಕೈ ಮುಗಿದಾಗಲೆಲ್ಲ, ಚೆನ್ನಾಗಿದೆ ಅಂತ ಬರಲಿ ಎಂದೇ ಬೇಡಿದಳು. ಚೆನ್ನಾಗಿದೆ ಅಂತ ಬಂದರೆ ಲ್ಯಾಬಿನವಳ ಗತಿಯೇನು ಎಂಬುದು ಅವಳ ತಲೆಗೆ ಆಗ ಹೊಳೆಯಲೇ ಇಲ್ಲ.

ಉತ್ತರ ಹೇಳಲು ಬಂದದ್ದು ಡ್ರೈವರು. ಎರಡೂ ಕಡೆಯ ಲೆಕ್ಕ ಹೆಚ್ಚುಕಡಿಮೆ ಒಂದೇ. ಬಾವಿಯಲ್ಲಿ ಇರಬಾರದಷ್ಟು ಇದೆ. ಬ್ಲ್ಯಾಂಕಿನಲ್ಲಿ ಏನೂ ಇಲ್ಲ.

"ಏನೂ ಇಲ್ವಾ?" ಎಂದು ಬಾವಿಮನೆಯಮ್ಮ ಮತ್ತೆ ಕೇಳಿದಳು.

"ಏನೂ ಇಲ್ಲ ದೊಡ್ಡಮ್ಮ."

ಆಮೇಲಿನದೆಲ್ಲ ಬೇಗ ಬೇಗ ನಡೆಯಿತು. ಗಣಿಯವರು ಬಂದು ಬಾವಿಯ ಬಾಯಿಗೆ ಹಲಗೆ ಬಡಿದರು. ಬೀದಿಗೆ ಟ್ಯಾಂಕರು ಬಂತು. ಬೂದು ಕೆರೆಯ ಏರಿಯ ಬುಡದಲ್ಲಿ ಜಿನುಗುವ ಜಾಗ ಹುಡುಕಿ ಅಗೆಯತೊಡಗಿದರು. ಮೂಲೆಮನೆಯವಳು ಒಂದು ಸಂಜೆ ಬಂದು ಬಾಗಿಲಲ್ಲೇ ನಿಂತಳು. "ಹಗ್ಗ ಸವೆದಿದೆ ಅಂದ್ರಲ್ಲ, ನಿಜ ಹೇಳಬಾರದಿತ್ತಾ?" ಎಂದು ಅತ್ತಳು. ಬಾವಿಮನೆಯಮ್ಮ ಅವಳನ್ನು ಒಳಗೆ ಕರೆದು ಕೂರಿಸಿದಳು. ಹಿತ್ತಲ ಬಾಗಿಲನ್ನು ಮಾತ್ರ ತೆರೆಯಲಿಲ್ಲ. ಹಲಗೆ ಕಣ್ಣಿಗೆ ಬೀಳುವುದು ಅವಳಿಗೆ ಬೇಡವಾಗಿತ್ತು.

ಲೆಕ್ಕ ಗಟ್ಟಿಯಾಗಿ ನಿಂತಿತು. ಅದನ್ನು ನಿಲ್ಲಿಸಿದವಳಿಗೆ ಮಾತ್ರ ಅಲ್ಲಿ ನಿಲ್ಲಲಾಗಲಿಲ್ಲ. ಖಾತ್ರಿಯಾಗುವ ಮೊದಲೇ ಹೊರಗೆ ಹೇಳಿದ್ದು, ಅಪ್ಪಣೆಯಿಲ್ಲದೆ ನೀರು ತೆಗೆದದ್ದು, ಎರಡನ್ನೂ ಸಾಹೇಬರು ಕೇಳಿದರಂತೆ. ಎರಡಕ್ಕೂ ಹೌದು ಎಂದಳಂತೆ. ದೂರದ ಇನ್ನೊಂದು ಗಣಿಯ ಉಗ್ರಾಣಕ್ಕೆ ಎತ್ತಿ ಹಾಕಿದರು. ಬೋಲ್ಟು, ನಟ್ಟು, ಗಂಬೂಟು ಎಣಿಸುವ ಕೆಲಸ.

ಹೊರಡುವ ದಿನ ಬೆಳಿಗ್ಗೆ ಅವಳು ಒಂದು ಚೀಲ ಹಿಡಿದು ಬಂದಳು. ಕೈಗೆ ಗ್ಲೌಸು ಇರಲಿಲ್ಲ. ಆ ಕೈಗಳನ್ನು ಬಾವಿಮನೆಯಮ್ಮ ಅಲ್ಲಿಯವರೆಗೆ ಸರಿಯಾಗಿ ನೋಡಿಯೇ ಇರಲಿಲ್ಲ. ಸೋಡಾ ತಿಂದು ಬೆರಳ ತುದಿಯ ಚರ್ಮ ಸುಲಿದಿತ್ತು.

ಸೊಸೆ ಟ್ಯಾಂಕರಿನ ನೀರಲ್ಲಿ ಚಹಾ ಮಾಡಿಕೊಟ್ಟಳು. ಲ್ಯಾಬಿನವಳು ಎದ್ದು ಹೋಗದೆ ಕುಡಿದು ಮುಗಿಸಿದಳು. ಎದ್ದು ನೋಡಲು ಪೆಟ್ಟಿಗೆಯೇ ಇರಲಿಲ್ಲ. ಆದರೆ ಲೋಟ ಹಿಡಿದ ಕೈಯ ಹೆಬ್ಬೆರಳು ಅಂಚನ್ನು ಒತ್ತುತ್ತಲೇ ಇತ್ತು.

"ಉಗ್ರಾಣದವರ ಕತೆ ಮುಗೀತು," ಎಂದಳು ಬಾವಿಮನೆಯಮ್ಮ. "ಒಂದೊಂದು ಬೋಲ್ಟನ್ನೂ ಎರಡೆರಡು ಸಲ ಎಣಿಸ್ತೀಯ."

"ಎಣಿಸ್ತೀನಿ."

"ನನ್ನ ಮೇಲೆ ಸಿಟ್ಟಿಲ್ಲ ತಾನೇ? ಆ ದಿನ ಹಾವು, ಕೋಲು ಅಂತೆಲ್ಲ ಅಂದೆ."

"ಇಲ್ಲಮ್ಮ. ಸರಿಯಾಗೇ ಅಂದ್ರಿ."

ಬೀದಿಯಲ್ಲಿ ಡ್ರೈವರು ಹಾರ್ನ್ ಹೊಡೆದ. ಅವಳು ಎದ್ದು, ಮೊಮ್ಮಗಳ ತಲೆ ಸವರಿ, ಚೀಲ ಹೆಗಲಿಗೇರಿಸಿ ಹೊಸ್ತಿಲು ದಾಟಿದಳು. ನಾಲ್ಕು ಹೆಜ್ಜೆ ಹೋದವಳು ತಿರುಗಿ ಬಂದಳು. ಏನೋ ಮರೆತಿರಬೇಕೆಂದು ಬಾವಿಮನೆಯಮ್ಮ ಒಳಗೆ ಕಣ್ಣಾಡಿಸಿದಳು. ಲ್ಯಾಬಿನವಳು ಬಾಗಿಲ ಚೌಕಟ್ಟನ್ನು ಹಿಡಿದು ನಿಂತು, ತಗ್ಗಿದ ದನಿಯಲ್ಲಿ ಕೇಳಿದಳು:

"ಎರಡನೇ ಸಲ ನೀರು ಚೆನ್ನಾಗಿದೆ ಅಂತ ಬಂದಿದ್ರೆ, ಅಮ್ಮ, ಹಗ್ಗ ಮತ್ತೆ ಕಟ್ತಿದ್ರಾ?"